ಶಿರಸಿಯವರೇ, ರಜೆ ದಿನ ನೀವು ಎಲ್ಲಿಗೆ ಹೋಗ್ತೀರಿ?

ಬಯಲುಸೀಮೆಯವ:
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ವರ್ಗವಾಗಿ ಈ ಮಳೆಗಾಲದಲ್ಲಿ ಶಿರಸಿಗೆ ಬಂದಿದ್ದೇವೆ. ನಾನು, ಹೆಂಡತಿ, ಏಳನೇ ಕ್ಲಾಸಿನ ಮಗಳು. ಇಷ್ಟು ಮಳೆಯನ್ನು ಮೂವರೂ ಈಗಲೇ ನೋಡುತ್ತಿರುವುದು. ಸುತ್ತಾಡೋಣ ಅಂತ ಯಾರನ್ನು ಕೇಳಿದರೂ ಅದೇ ಉತ್ತರ. ಒಂದೇ ದಿನಕ್ಕೆ ನಾಲ್ಕು ಜಲಪಾತ, ಒಂದು ದೇವಸ್ಥಾನ, ಊಟ, ವಾಪಸ್. ಕಾರಿನಿಂದ ಇಳಿದು ಫೋಟೋ ತೆಗೆದು ಮತ್ತೆ ಕಾರು ಹತ್ತುವುದು ನಮಗೆ ಬೇಡ. ಮಗಳಿಗೆ ನಡೆಯೋಕೆ, ಹತ್ತೋಕೆ ಇಷ್ಟ. ಸೈಕಲ್ ಕೂಡ ಇದೆ. ಇಲ್ಲೇ ಹುಟ್ಟಿ ಬೆಳೆದವರು ನಿಜಕ್ಕೂ ಹೋಗುವ ಜಾಗ ಯಾವುದು? ಯಾವ ತಿಂಗಳಲ್ಲಿ ಹೋಗಬೇಕು? ಉಂಬಳದ (ಕಾಡಿನ ಜಿಗಣೆ) ಬಗ್ಗೆ ತುಂಬಾ ಹೆದರಿಸಿದ್ದಾರೆ, ಅದನ್ನೂ ಸ್ವಲ್ಪ ಹೇಳಿ.

ತೋಟದಮನೆ:
ಬನ್ನಿ, ನಮ್ಮೂರಿಗೆ ಸ್ವಾಗತ. ನಾನು ಸಿದ್ದಾಪುರ ಸೀಮೆಯವನು, ಅಡಿಕೆ ತೋಟ ನೋಡಿಕೊಂಡಿದ್ದೇನೆ. ಪುರುಸೊತ್ತು ಸಿಕ್ಕಿದರೆ ಸಾಕು, ಹೊಳೆ ದಂಡೆಗೆ ಹೋಗುತ್ತೇನೆ.

ಜಾಗಗಳ ಪಟ್ಟಿ ಮಾಡಬೇಡಿ, ಒಂದು ಹೊಳೆ ಹಿಡಿಯಿರಿ. ನನಗಂತೂ ಅದು ಅಘನಾಶಿನಿ. ಇದರ ಒಂದು ಮೂಲ ಶಿರಸಿ ಪೇಟೆಯಲ್ಲೇ ಇರುವ ಶಂಕರ ಹೊಂಡ ಅಂತ ಹೇಳುತ್ತಾರೆ. ಇನ್ನೊಂದು ಕವಲು ಮಂಜುಗುಣಿ ಕಡೆಯಿಂದ ಬರುತ್ತದೆ. ಘಟ್ಟ ಇಳಿದು ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುವ ತನಕ ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಪಶ್ಚಿಮ ಘಟ್ಟದಲ್ಲಿ ಹೀಗೆ ಉಳಿದುಕೊಂಡ ಹೊಳೆಗಳು ಕಡಿಮೆ. ಅದಕ್ಕೇ ನನಗೆ ಇದರ ಮೇಲೆ ಅಷ್ಟು ಪ್ರೀತಿ. ಹುಟ್ಟಿದ ಜಾಗ ನಿಮ್ಮ ಮನೆ ಹತ್ತಿರವೇ ಇದೆ. ಒಂದು ಸಂಜೆ ಮಗಳನ್ನು ಕರೆದುಕೊಂಡು ಹೋಗಿ ತೋರಿಸಿ. ಆಮೇಲೆ ಒಂದೊಂದು ರಜೆಗೆ ಒಂದೊಂದು ಮೆಟ್ಟಿಲು ಕೆಳಗೆ ಇಳಿಯಿರಿ.

ಮೊದಲು ಉಂಚಳ್ಳಿ. ಶಿರಸಿಯಿಂದ ಸುಮಾರು 35 ಕಿ.ಮೀ., ಹೆಗ್ಗರಣೆ ಮೇಲೆ ಹೋಗಬೇಕು. ಅಘನಾಶಿನಿ ಅಲ್ಲಿ 116 ಮೀಟರ್ ಕೆಳಗೆ ಬೀಳುತ್ತದೆ. 1845ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಕಲೆಕ್ಟರ್ ಹೆಸರಿನಲ್ಲಿ ಲಷಿಂಗ್ಟನ್ ಜಲಪಾತ ಅಂತಲೂ ಬರೆಯುತ್ತಾರೆ. ಊರಿನ ಹಳಬರ ಬಾಯಲ್ಲಿ ಅದು ಕೆಪ್ಪ ಜೋಗ. ಹೆಚ್ಚಿನವರು ಮೆಟ್ಟಿಲು ಇಳಿದು, ಐದು ನಿಮಿಷ ನೋಡಿ, ಮಂಜು ಮುಚ್ಚಿದೆ ಅಂತ ಬೇಜಾರು ಮಾಡಿಕೊಂಡು ಹತ್ತಿಬಿಡುತ್ತಾರೆ. ಹಾಗೆ ಮಾಡಬೇಡಿ. ಮಂಜು ಇದ್ದಾಗ ಬರೀ ಸದ್ದು. ಕಟಕಟೆಯ ಕಬ್ಬಿಣಕ್ಕೆ ಕೈ ಇಟ್ಟರೆ ಸಣ್ಣಗೆ ನಡುಕ ಗೊತ್ತಾಗುತ್ತದೆ. ಕೊಡೆ ಹಿಡಿದುಕೊಂಡು ಸುಮ್ನೆ ಕಾಯಿರಿ. ಕೆಳಗಿನ ಕಣಿವೆಯಿಂದ ಗಾಳಿ ಏಳುತ್ತದೆ, ಮಂಜು ಮೊದಲು ಬುಡದಲ್ಲಿ ಚದುರುತ್ತದೆ, ಎದುರಿನ ಕಾಡು ಕಾಣುತ್ತದೆ, ಕೊನೆಗೆ ನೀರು. ಪೂರ್ತಿ ತೆರೆದುಕೊಂಡು ಮತ್ತೆ ಮುಚ್ಚುವಷ್ಟರಲ್ಲಿ ಮಗಳು ಅಲ್ಲಿಂದ ಏಳೋದಿಲ್ಲ, ಬರೆದಿಟ್ಟುಕೊಳ್ಳಿ. ಬಿಸಿಲಿನ ದಿನವೇ ಬೇಕು ಅಂದರೆ ಅಕ್ಟೋಬರ್, ನವೆಂಬರ್. ಆಗ ನೀರೂ ಇರುತ್ತದೆ, ಕಾಲುದಾರಿಯೂ ಒಣಗಿರುತ್ತದೆ. ಬುಡಕ್ಕೆ ಇಳಿಯುವ ಯೋಚನೆ ಮಾತ್ರ ಬೇಡ.

ಎರಡನೆಯದು ಯಾಣ. ಶಿರಸಿಯಿಂದ ಸುಮಾರು 40 ಕಿ.ಮೀ. ಅಲ್ಲಿಂದ ಹರಿಯುವ ಚಂಡಿಕಾ ಹೊಳೆಯೂ ಕೊನೆಗೆ ಅಘನಾಶಿನಿಯನ್ನೇ ಸೇರುತ್ತದೆ, ಹಾಗಾಗಿ ನಮ್ಮ ಲೆಕ್ಕದ ಒಳಗೇ ಬರುತ್ತದೆ. ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಅಂತ ಹಿಂದೆ ಹೇಳುತ್ತಿದ್ದರು. ಆಗ ಅಷ್ಟು ದಟ್ಟ ಕಾಡು, ಅಷ್ಟು ದೂರದ ನಡಿಗೆ. ಈಗ ಗಾಡಿ ಹತ್ತಿರದ ತನಕ ಹೋಗುತ್ತದೆ, ಉಳಿದ ಸ್ವಲ್ಪ ದಾರಿ ನಡೆಯಬೇಕು. ಎರಡು ದೊಡ್ಡ ಕರಿಬಂಡೆಗಳು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಸುಣ್ಣಕಲ್ಲು ಅದು. ಮಳೆನೀರು ಎಷ್ಟೋ ಕಾಲದಿಂದ ಕರಗಿಸಿ ಕೊರೆದು ಅಂಥ ಚೂಪು ಬಂದಿದೆ. ದೇವಸ್ಥಾನದ ಹಿಂದೆ ಬಂಡೆಯ ಸೀಳಿನೊಳಗೆ ಹೊಕ್ಕು ಒಂದು ಸುತ್ತು ಬರಬಹುದು. ಚಪ್ಪಲಿ ಬಿಟ್ಟೇ ಹೋಗಬೇಕು. ಕಾಲಡಿ ಕಲ್ಲು ತಣ್ಣಗೆ, ಒದ್ದೆ. ತಲೆ ಎತ್ತಿದರೆ ಆಕಾಶ ಒಂದು ಗೆರೆಯಷ್ಟು. ಬಾವಲಿ ವಾಸನೆ ಬರುತ್ತದೆ, ಅದಕ್ಕೆ ಮೂಗು ಮುಚ್ಚಿಕೊಳ್ಳುವವರೂ ಇದ್ದಾರೆ, ನನಗೆ ಅದು ಯಾಣದ್ದೇ ವಾಸನೆ. ಒಂದು ಮಾತು ನೆನಪಿಡಿ. ಬಂಡೆಯ ಮೇಲ್ಭಾಗದಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಕೂಗೋದು, ಕಲ್ಲು ಎಸೆಯೋದು, ಹೊಗೆ ಹಾಕೋದು ಯಾವುದೂ ಸಲ್ಲದು. ಶಿವರಾತ್ರಿ ಹೊತ್ತಿಗೆ ಜಾತ್ರೆ, ಜನ ಜಾಸ್ತಿ. ನಡೆಯೋದೇ ಉದ್ದೇಶ ಆಗಿದ್ದರೆ ಆಗ ಹೋಗಬೇಡಿ.

ಯಾಣದಿಂದ ವಿಭೂತಿ ಜಲಪಾತದ ಕಡೆಗೆ ಕಾಡಿನೊಳಗೆ ನಡೆದು ಹೋಗುವವರಿದ್ದಾರೆ. ನನಗೆ ತುಂಬಾ ಇಷ್ಟವಾದ ನಡಿಗೆ ಅದು. ಆದರೆ ಊರಿನವರು ಒಬ್ಬರು ಜೊತೆಗೆ ಇರಲೇಬೇಕು. ದರಕು, ಅಂದರೆ ಉದುರಿದ ಒಣ ಎಲೆ, ಮುಚ್ಚಿದ ಕಾಲುದಾರಿ ಕವಲೊಡೆದಾಗ ಎರಡೂ ಒಂದೇ ಥರ ಕಾಣುತ್ತವೆ.

ಬೆಣ್ಣೆಹೊಳೆ ಜಲಪಾತವೂ ಅಘನಾಶಿನಿಯ ಉಪನದಿಯದ್ದೇ, ಕುಮಟಾ ರಸ್ತೆಯಲ್ಲಿ ದೇವಿಮನೆ ಘಟ್ಟದ ಹತ್ತಿರ. ಆ ಘಟ್ಟದಲ್ಲಿ ಮಳೆಗಾಲದಲ್ಲಿ ಮಣ್ಣು ಕುಸಿದು ರಸ್ತೆ ಬಂದ್ ಆಗೋದುಂಟು, ಹೊರಡುವ ಮುಂಚೆ ವಿಚಾರಿಸಿ.

ಕೊನೆಗೆ ತದಡಿ. ಬೇಸಿಗೆಯ ಮೊದಲು, ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳಿ. ಹೊಳೆ ಅಗಲವಾಗಿ, ಉಪ್ಪಾಗಿ, ನಿಧಾನವಾಗಿ ಸಮುದ್ರ ಸೇರುವ ಜಾಗ. ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಬಹುದು. ಇಳಿತದ ಹೊತ್ತಿಗೆ ಹೋದರೆ ಸೊಂಟಮಟ್ಟ ನೀರಲ್ಲಿ ನಿಂತು ಬಳಚು (ಚಿಪ್ಪಿನ ಜೀವಿ) ಆರಿಸುವವರು ಕಾಣುತ್ತಾರೆ. ಕಾಲಲ್ಲಿ ತಡಕಿ, ಬಗ್ಗಿ ಎತ್ತಿ ಬುಟ್ಟಿಗೆ ಹಾಕುತ್ತಾರೆ. 2024ರಲ್ಲಿ ಈ ಅಳಿವೆಯನ್ನು ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಿದರು. ದೋಣಿ ಇಳಿದು ಕಾಗಾಲ, ಬಾಡದ ಕಡೆಗೆ ದಂಡೆ ಹಿಡಿದು ನಡೆಯಿರಿ. ಉಂಚಳ್ಳಿಯಲ್ಲಿ ಅಷ್ಟು ಅಬ್ಬರ ಮಾಡಿದ ನೀರು ಇದೇ ಅಂತ ಮಗಳಿಗೆ ಅಲ್ಲಿ ಹೇಳಿ.

ಉಂಬಳಕ್ಕೆ ಹೆದರೋದು ಬೇಡ. ಎಲೆಯ ತುದಿಯಲ್ಲಿ ಬಾಲ ಊರಿ, ತಲೆ ಎತ್ತಿ ಅತ್ತಿತ್ತ ಆಡಿಸುತ್ತಾ ಇರುತ್ತದೆ. ನೀವು ಹತ್ತಿರ ಬಂದಿದ್ದು ಅದಕ್ಕೆ ಗೊತ್ತಾಗುತ್ತದೆ. ಶೂ ಹತ್ತಿ, ಕಾಲುಚೀಲದ ನೇಯ್ಗೆಯೊಳಗೂ ತೂರುತ್ತದೆ. ಕಚ್ಚಿದ್ದು ನೋಯಲ್ಲ. ಬಿಟ್ಟ ಮೇಲೆ ರಕ್ತ ಬೇಗ ನಿಲ್ಲಲ್ಲ, ಯಾಕೆಂದರೆ ಅದರ ಎಂಜಲು ರಕ್ತವನ್ನು ಹೆಪ್ಪುಗಟ್ಟಲು ಬಿಡಲ್ಲ. ನಾವು ಒಂದು ಕೋಲಿನ ತುದಿಗೆ ಬಟ್ಟೆಯಲ್ಲಿ ಉಪ್ಪು ಕಟ್ಟಿಕೊಂಡು ಹೋಗುತ್ತೇವೆ. ಒದ್ದೆ ಮಾಡಿ ಮುಟ್ಟಿಸಿದರೆ ತಾನೇ ಉದುರುತ್ತದೆ. ಆಮೇಲೆ ಸೋಪು ನೀರಲ್ಲಿ ತೊಳೆದು ಒತ್ತಿ ಹಿಡಿಯಿರಿ. ಅಷ್ಟೇ. ಮಳೆ ಬಿಟ್ಟು ನೆಲ ಒಣಗಿತು ಅಂದರೆ ಅದೂ ಮಾಯ.

ಮಲೆನಾಡ ಸಿಸ್ಟರ್:
ತೋಟದಮನೆ ಅವರು ಉಂಬಳದ ಬಗ್ಗೆ ಹೇಳಿದ್ದು ಸರಿ. ಆದರೆ ನಮಗೆ ಚಿಂತೆ ಇರೋದು ಉಂಬಳ ಹೋದ ಮೇಲೆ ಬರುವ ಉಣುಗಿನದ್ದು (ಉಣ್ಣೆ ಹುಳ). ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳಾಗಿ ಇದನ್ನು ಹೇಳಲೇಬೇಕು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಇಲ್ಲೇ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಸಿದ್ದಾಪುರದಲ್ಲೂ ಕಂಡಿದೆ. ಒಣ ತಿಂಗಳುಗಳಲ್ಲಿ, ಅಂದರೆ ಸುಮಾರು ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಮರಿ ಉಣುಗು ತೀರಾ ಸಣ್ಣದು, ಸಾಸಿವೆಗಿಂತ ಚಿಕ್ಕದು. ಕಣ್ಣಿಗೆ ಬೀಳೋದೇ ಕಷ್ಟ.

ಆಗ ಕಾಡಿಗೆ ಹೋಗೋದಾದರೆ ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ, ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ. ದರಕಿನ ಮೇಲೆ ಕೂರಬೇಡಿ, ಮಲಗಲೇಬೇಡಿ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಸಿಕ್ಕಿದರೆ ಹೊರಡುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಬಿಸಿನೀರು ಸ್ನಾನ ಮಾಡಿ, ಕಿವಿ ಹಿಂದೆ, ಕಂಕುಳು, ಸೊಂಟ ನೋಡಿಕೊಳ್ಳಿ. ದಾರಿಯಲ್ಲಿ ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ, ಹತ್ತಿರದ ಆಸ್ಪತ್ರೆಗೆ ತಿಳಿಸಿ. ಸುತ್ತಾಡಿ ಬಂದ ವಾರ ಹತ್ತು ದಿನದೊಳಗೆ ಇದ್ದಕ್ಕಿದ್ದ ಹಾಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಮೊದಲೇ ಹೇಳಿ. ಈ ಒಂದು ಮಾತು ಎಷ್ಟೋ ಸಮಯ ಉಳಿಸುತ್ತದೆ.

ಸೈಕಲ್ ಮಾಣಿ:
ಸೈಕಲ್ ಇದೆ ಅಂದಿರಲ್ಲ, ಅದಕ್ಕೇ ಬಂದೆ. ಸೋಂದಾಕ್ಕೆ ಹೋಗಿ. ಶಿರಸಿಯಿಂದ ಸುಮಾರು 20 ಕಿ.ಮೀ. ಮಠಗಳನ್ನು ನೋಡಿ, ಮುಂಡಿಗೆಕೆರೆಗೆ ಹೋಗಿ. ಮಳೆಗಾಲದಲ್ಲಿ ಕೆರೆ ನಡುವಿನ ಮುಂಡಿಗೆ (ಕೇದಗೆ ಜಾತಿಯ) ಪೊದೆಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಮರಿಗಳ ಗಲಾಟೆ ಕೇಳುತ್ತಾ ಬುತ್ತಿ ಬಿಚ್ಚಬಹುದು. ಸಹಸ್ರಲಿಂಗವೂ ಅದೇ ಸೀಮೆ, ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆ ಕೆತ್ತಿದ ಲಿಂಗ, ಬಸವಗಳು. ಮಳೆಗಾಲದಲ್ಲಿ ಎಲ್ಲ ಮುಳುಗಿರುತ್ತವೆ, ನೀರು ಇಳಿದ ಮೇಲೆ ಹೋಗಿ. ತೂಗುಸೇತುವೆ ಇದೆ, ನಿಮ್ಮ ಮಗಳಿಗೆ ಖಂಡಿತ ಇಷ್ಟ ಆಗುತ್ತೆ.

ದೊಡ್ಡ ಸವಾರಿ ಬೇಕಾದರೆ ಸೈಕಲನ್ನು ಯಲ್ಲಾಪುರದ ತನಕ ಗಾಡಿಯಲ್ಲಿ ಹಾಕಿಕೊಂಡು ಹೋಗಿ. ಅಲ್ಲಿಂದ ಕವಡಿಕೆರೆ, ಮಾಗೋಡು, ಜೇನುಕಲ್ಲು ಗುಡ್ಡ. ಮಾಗೋಡಿನಲ್ಲಿ ಬೇಡ್ತಿ ಹೊಳೆ ಎರಡು ಹಂತದಲ್ಲಿ ಸುಮಾರು 200 ಮೀಟರ್ ಬೀಳುತ್ತದೆ. ಸಂಜೆಗೆ ಜೇನುಕಲ್ಲು ಗುಡ್ಡದಿಂದ ಬೇಡ್ತಿ ಕಣಿವೆ ನೋಡಿ. ಏರು ಇಳಿತ ಇದೆ, ಬ್ರೇಕ್ ಸರಿ ಇರಲಿ.

ಬಯಲುಸೀಮೆಯವ:
ಮೂವರಿಗೂ ತುಂಬಾ ಥ್ಯಾಂಕ್ಸ್. ಮಗಳು ಆಗಲೇ ಅಘನಾಶಿನಿಯ ನಕ್ಷೆ ಬರೆದು ಗೋಡೆಗೆ ಅಂಟಿಸಿದ್ದಾಳೆ. ಇನ್ನೊಂದು ಪ್ರಶ್ನೆ. ಅವಳಿಗೆ ಈಜೋ ಆಸೆ. ಈಜುಕೊಳದಲ್ಲಿ ಕಲಿತಿದ್ದಾಳೆ. ಈ ಜಲಪಾತಗಳ ಕೆಳಗೆ, ಇಲ್ಲಾ ಸಹಸ್ರಲಿಂಗದ ಹತ್ತಿರ ಇಳಿಯಬಹುದಾ?

ತೋಟದಮನೆ:
ಬೇಡ ಸಾರ್. ಈ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಈಜುಕೊಳದ ಈಜು ಬೇರೆ, ಹೊಳೆಯ ಈಜು ಬೇರೆ. ಬೀಳುವ ನೀರಿನ ಬುಡದ ಗುಂಡಿಯಲ್ಲಿ ಸುಳಿ ಇರುತ್ತದೆ. ಮೇಲಿಂದ ನೋಡಿದರೆ ನೀರು ಸುಮ್ಮನೆ ನಿಂತ ಹಾಗೆ ಕಾಣುತ್ತದೆ, ಒಳಗೆ ಬಂಡೆಗಳ ಮಧ್ಯೆ ಸೆಳೆತ. ಸಹಸ್ರಲಿಂಗದಲ್ಲಿ ಬಂಡೆ ಮೇಲೆ ಪಾಚಿ, ಪಕ್ಕದಲ್ಲೇ ಆಳ. ಈಜು ಬಲ್ಲವರೂ ಹೊಳೆಯಲ್ಲಿ ಜೀವ ಕಳೆದುಕೊಂಡಿದ್ದಾರೆ, ಬಾರದವರಾದರೆ ದೂರ ನಿಲ್ಲುತ್ತಾರೆ.

ಕಾಲು ಇಳಿಬಿಟ್ಟು ಕೂತುಕೊಳ್ಳೋದು ಬೇರೆ. ಅದಕ್ಕೆ ದಂಡೆಯ ಊರಿನವರು ದಿನಾ ಬಟ್ಟೆ ಒಗೆಯುವ ಜಾಗ ಕೇಳಿ. ನೀರು ಎಲ್ಲಿ ಎಷ್ಟಿದೆ ಅಂತ ಅವರಿಗೆ ಗೊತ್ತಿರುತ್ತದೆ. ಅಲ್ಲೂ ನೀರಿನ ಬಣ್ಣದ ಮೇಲೆ ಕಣ್ಣಿಡಿ. ಅಣೆಕಟ್ಟಿಲ್ಲದ ಹೊಳೆ ಅಂದರೆ ಮೇಲೆ ಸುರಿದ ಮಳೆ ನೇರ ನಿಮ್ಮ ಹತ್ತಿರ ಬರುತ್ತದೆ. ನಿಮ್ಮ ತಲೆ ಮೇಲೆ ಬಿಸಿಲು ಇರಬಹುದು. ತಿಳಿ ನೀರು ಕೆಂಪಾಯಿತು, ಎಲೆ, ಕಡ್ಡಿ, ನೊರೆ ತೇಲಿ ಬಂತು ಅಂದರೆ ಬುತ್ತಿ ಅಲ್ಲೇ ಬಿಟ್ಟು ದಡ ಹತ್ತಿ. ಇದನ್ನು ನಮ್ಮ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುತ್ತೇವೆ. ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕಗಳ ಮೇಲೂ ಅಷ್ಟೇ ಎಚ್ಚರ ಇರಲಿ. ಅದಕ್ಕೆ ಹಾಸಿದ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಒದ್ದೆಯಾದರೆ ತುಂಬಾ ಜಾರುತ್ತದೆ. ಒಬ್ಬರು ದಾಟಿದ ಮೇಲೆ ಇನ್ನೊಬ್ಬರು ಕಾಲಿಡಿ.

ಮಲೆನಾಡ ಸಿಸ್ಟರ್:
ಹೌದು, ದಯವಿಟ್ಟು ಇಳಿಯಬೇಡಿ. ಮತ್ತೆ ಕತ್ತಲೆಕಾನಿಗೆ ಹೋಗೋಣ ಅಂತ ಯಾರಾದರೂ ಹೇಳಿದರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು, ಇರುವ ಕಾಡು ಅದು, ಮರದ ಬೇರು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆ ಎದ್ದಿರುತ್ತದೆ. ಸಿಂಗಳೀಕಗಳೂ ಇವೆ. 2019ರಲ್ಲಿ ಅಘನಾಶಿನಿ ಕಣಿವೆಯ ಸಂರಕ್ಷಿತ ಪ್ರದೇಶವನ್ನು ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿಸಿದ್ದಾರೆ. ಅಲ್ಲಿ ಬೇಕಾದ ಹಾಗೆ ಹೊಕ್ಕು ಸುತ್ತಾಡುವಂತಿಲ್ಲ. ಆ ಕೆಸರು ತುಳಿದರೆ ಸಣ್ಣ ಸಸಿಗಳು ಸಾಯುತ್ತವೆ.

ಬಯಲುಸೀಮೆಯವ:
ಸರಿ, ಈಜೋ ಮಾತು ಬಿಟ್ಟೆವು. ದಸರಾ ರಜೆಗೆ ಉಂಚಳ್ಳಿಯಿಂದ ಶುರು ಮಾಡುತ್ತೇವೆ. ಹೋಗುವಾಗ ಇನ್ನೇನಾದರೂ ಗಮನಿಸಬೇಕಾ?

ತೋಟದಮನೆ:
ಬೆಳಿಗ್ಗೆ ಬೇಗ ಹೊರಡಿ. ಗಾಡಿಗೆ ಪೆಟ್ರೋಲ್ ಶಿರಸಿಯಲ್ಲೇ ಹಾಕಿಸಿ. ಹೆಗ್ಗರಣೆ ದಾಟಿದ ಮೇಲೆ ಮೊಬೈಲ್ ಸಿಗ್ನಲ್ ನೆಚ್ಚಬೇಡಿ, ದಾರಿ ಮೊದಲೇ ಕೇಳಿಕೊಂಡಿರಿ. ಊಟ ಕಟ್ಟಿಕೊಂಡು ಹೋಗಿ, ಪ್ಲಾಸ್ಟಿಕ್ ಎಲ್ಲ ವಾಪಸ್ ತನ್ನಿ. ಬರುವ ಹಿಂದಿನ ದಿನ ಇಲ್ಲಿ ಒಂದು ಸಾಲು ಬರೆಯಿರಿ, ನೀರು ಹೇಗಿದೆ, ರಸ್ತೆ ಹೇಗಿದೆ ಅಂತ ನೋಡಿ ಹೇಳುತ್ತೇನೆ.