ರಣಜಿಯಲ್ಲಿ ರಾಶಿ ರನ್, ಟೆಸ್ಟ್‌ನಲ್ಲಿ ಯಾಕೆ ತಡವರಿಕೆ? ಬ್ಯಾಟಿಂಗ್ ಕೋಚ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಕೋಚ್ ಸರ್, ನಮಸ್ಕಾರ. ಕರುಣ್ ನಾಯರ್ ವಿಷಯ ಕೇಳಬೇಕಿತ್ತು. 2024-25ರಲ್ಲಿ ವಿದರ್ಭ ಪರ ರಣಜಿಯಲ್ಲಿ 863 ರನ್. ವಿಜಯ್ ಹಜಾರೆ ಒನ್‌ಡೇ ಟೂರ್ನಿಯಲ್ಲಿ ಐದು ಸೆಂಚುರಿ ಸೇರಿ 779. ರಣಜಿ ಫೈನಲ್‌ನಲ್ಲೂ 86 ಮತ್ತು 135. ಎಂಟು ವರ್ಷ ಕಾದು ಟೆಸ್ಟ್ ಟೀಮಿಗೆ ವಾಪಸ್ ಬಂದು ಇಂಗ್ಲೆಂಡಿನಲ್ಲಿ ಹೊಡೆದದ್ದು ಎಂಟು ಇನ್ನಿಂಗ್ಸ್‌ನಲ್ಲಿ 205. ಮುಂದಿನ ವೆಸ್ಟ್ ಇಂಡೀಸ್ ಸರಣಿಗೆ ಕೈಬಿಟ್ಟರು. ಹಾಗಾದರೆ ರಣಜಿ ರನ್‌ಗೆ ಬೆಲೆಯೇ ಇಲ್ವಾ? ಅಥವಾ ಅವರಿಗೆ ಅನ್ಯಾಯ ಆಯಿತಾ?

ಉತ್ತರ: ನಮಸ್ಕಾರ. ಮೊದಲು ಆ 205 ಹೇಗೆ ಬಂತು ನೋಡೋಣ. 0, 20, 31, 26, 40, 14, 57, 17. ಇದು ಫಾರ್ಮ್ ಕಳೆದುಕೊಂಡವನ ಸ್ಕೋರ್ ಅಲ್ಲ. ನಾಲ್ಕು ಸಲ 25 ದಾಟಿದ್ದಾರೆ, ಅಂದರೆ ಪಿಚ್ ಅರ್ಥವಾಗಿದೆ, ಕಾಲು ಓಡುತ್ತಿದೆ, ಆಮೇಲೆ ಔಟ್ ಆಗಿದ್ದಾರೆ. ರಣಜಿಗೂ ಟೆಸ್ಟ್‌ಗೂ ಇರುವ ಅಂತರ ಇರುವುದು ಇಲ್ಲೇ.

ರಣಜಿಯಲ್ಲಿ ಒಬ್ಬ ಒಳ್ಳೆ ಬ್ಯಾಟರ್ 30 ದಾಟಿದ ಅಂದರೆ ಮುಂದಿನ ದಾರಿ ಸ್ವಲ್ಪ ಸಲೀಸು. ಇಬ್ಬರು ಒಳ್ಳೆ ಸೀಮರ್‌ಗಳ ಸ್ಪೆಲ್ ಮುಗಿದಿರುತ್ತದೆ, ಮೂರನೆಯವನು ಗಂಟೆಗೆ 125 ಕಿ.ಮೀ. ಆಸುಪಾಸಿನ ವೇಗದಲ್ಲಿ ಹಾಕುತ್ತಾನೆ, ಓವರಿಗೊಂದು ಸಡಿಲ ಚೆಂಡು ಸಿಕ್ಕೇ ಸಿಗುತ್ತದೆ, ನೀವು ಸುಮ್ನೆ ನಿಂತಿದ್ದರೂ ರನ್ ಬರುತ್ತಿರುತ್ತದೆ. ಟೆಸ್ಟ್‌ನಲ್ಲಿ ಇಂಗ್ಲೆಂಡಿನ ವೇಗಿ ವೋಕ್ಸ್ ಹೋದರೆ ಕಾರ್ಸ್ ಬರುತ್ತಾರೆ, ಕಾರ್ಸ್ ಹೋದರೆ ಸ್ಟೋಕ್ಸ್. ಬಿಡುವೇ ಇಲ್ಲ. 31 ಹೊಡೆದವನಿಗೂ 32ನೇ ರನ್‌ಗೆ ಮೊದಲ ರನ್‌ನಷ್ಟೇ ಕಷ್ಟ.

ಲಾರ್ಡ್ಸ್‌ನ ಎರಡನೇ ಇನ್ನಿಂಗ್ಸ್ ನೆನಪಿದೆಯಾ? 193 ಚೇಸ್, ನಾಲ್ಕನೇ ದಿನದ ಸಂಜೆ. ಕಾರ್ಸ್ ಹಾಕಿದ ಚೆಂಡು ಆಫ್‌ಸ್ಟಂಪ್ ಹೊರಗೆ ಹೋಗುತ್ತದೆ ಎಂದು ಕರುಣ್ ಬ್ಯಾಟ್ ಎತ್ತಿ ಬಿಟ್ಟರು. ಅದು ಒಳಗೆ ಬಂತು. ಪ್ಯಾಡಿಗೆ ಬಡಿದು ಎಲ್‌ಬಿಡಬ್ಲ್ಯು, 14. ಆ ಕ್ಲಿಪ್ ಅನ್ನು ನಮ್ಮ ಹುಡುಗರಿಗೆ ಸ್ಲೋ ಮೋಷನ್‌ನಲ್ಲಿ ತೋರಿಸುತ್ತಿರುತ್ತೇನೆ. 140ರ ವೇಗದಲ್ಲಿ ಹಾಕಿದ ಚೆಂಡು ಹೆಚ್ಚುಕಡಿಮೆ ಅರ್ಧ ಸೆಕೆಂಡಿನಲ್ಲಿ ನಿಮ್ಮ ಹತ್ತಿರ ಇರುತ್ತದೆ. ಆಡಬೇಕಾ ಬಿಡಬೇಕಾ ಎಂಬುದು ಬೌಲರ್ ಕೈಯಿಂದ ಚೆಂಡು ಹೊರಟ ಕೂಡಲೇ ತೀರ್ಮಾನ ಆಗಬೇಕು. 125ರ ಬೌಲಿಂಗ್‌ನಲ್ಲಿ ಪಿಚ್ ಆದ ಮೇಲೂ ಮನಸ್ಸು ಬದಲಾಯಿಸಲು ಚೂರು ಸಮಯ ಸಿಗುತ್ತದೆ. ವರ್ಷಗಟ್ಟಲೆ ಆ ಚೂರು ಸಮಯ ನಂಬಿ ಆಡಿದ ಕೈ ಒಂದೇ ತಿಂಗಳಲ್ಲಿ ಬದಲಾಗುವುದಿಲ್ಲ.

ಇಂಗ್ಲೆಂಡ್ ಪಿಚ್ ಅವರಿಗೆ ಹೊಸದು ಎನ್ನುವ ಹಾಗೂ ಇಲ್ಲ. ನಾರ್ಥ್ಯಾಂಪ್ಟನ್‌ಶೈರ್‌ಗೆ ಕೌಂಟಿ ಆಡಿ 2024ರಲ್ಲಿ ಡಬಲ್ ಸೆಂಚುರಿ ಹೊಡೆದಿದ್ದಾರೆ. ಸರಣಿಗೆ ಸ್ವಲ್ಪ ಮುಂಚೆ ಕ್ಯಾಂಟರ್ಬರಿಯಲ್ಲಿ ಭಾರತ ಎ, ಅಂದರೆ ದೇಶದ ಎರಡನೇ ಸಾಲಿನ ತಂಡದ ಪರ 204. ಅದೇ ದೇಶ, ಅದೇ ಡ್ಯೂಕ್ಸ್ ಚೆಂಡು, ಅದೇ ಬ್ಯಾಟರ್. ಬದಲಾದದ್ದು ಬೌಲಿಂಗ್ ಒಂದೇ.

ಅನ್ಯಾಯದ ಮಾತಿಗೆ ಬಂದರೆ, ಆಗಿದೆ. ಆದರೆ 2025ರಲ್ಲಿ ಅಲ್ಲ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ 303 ನಾಟ್‌ಔಟ್, ಮೂರನೇ ಟೆಸ್ಟ್‌ನಲ್ಲೇ. ಆಮೇಲೆ ಆಸ್ಟ್ರೇಲಿಯಾ ವಿರುದ್ಧ ನಾಲ್ಕು ಇನ್ನಿಂಗ್ಸ್ ಕೈಕೊಟ್ಟವು, ಅಷ್ಟಕ್ಕೇ ಹೊರಗೆ. 2018ರಲ್ಲಿ ಇಂಗ್ಲೆಂಡ್‌ಗೆ ಕರೆದುಕೊಂಡು ಹೋದರು. ಓವಲ್‌ನಲ್ಲಿ ಜಾಗ ಖಾಲಿಯಾದಾಗ ಮಧ್ಯದಲ್ಲಿ ಬಂದು ಸೇರಿದ ಹನುಮ ವಿಹಾರಿಯನ್ನು ಆಡಿಸಿದರು. ಆಗ ಕರುಣ್‌ಗೆ 26 ವರ್ಷ. ಟೆಸ್ಟ್ ಬೌಲಿಂಗ್ ಆಡುವುದನ್ನು ಕಲಿಯುವ ವಯಸ್ಸದು, ಮತ್ತು ಅದನ್ನು ಟೆಸ್ಟ್‌ನಲ್ಲೇ ಕಲಿಯಬೇಕು. ಆ ಅವಕಾಶ ಕೊಡಲಿಲ್ಲ. 33ನೇ ವಯಸ್ಸಿನಲ್ಲಿ ಬಾ ಎಂದು ಕರೆದು ಮೊದಲ ದಿನದಿಂದಲೇ ಹೊಡಿ ಎಂದರೆ ಹೇಗೆ?

ಪ್ರಶ್ನೆ: ಸರ್, ಸ್ಪೀಡ್ ಒಂದೇ ಸಮಸ್ಯೆ ಅಂದರೆ ಈಗ ಸೈಡ್‌ಆರ್ಮ್ ಇದೆಯಲ್ಲ, ಚೆಂಡನ್ನು ಜೋರಾಗಿ ಎಸೆಯುವ ಉದ್ದ ಹಿಡಿಯ ಸಾಧನ. 145ರಲ್ಲಿ ಎಸೆಸಿಕೊಂಡು ಪ್ರ್ಯಾಕ್ಟೀಸ್ ಮಾಡಿದರೆ ಆಗಲ್ವಾ?

ಉತ್ತರ: ಅರ್ಧ ಆಗುತ್ತದೆ. ನಮ್ಮ ಕುಮಟಾದ ರಾಘವೇಂದ್ರ ಅವರು ಭಾರತ ತಂಡಕ್ಕೆ ವರ್ಷಗಳಿಂದ ಮಾಡುತ್ತಿರುವ ಕೆಲಸವೇ ಅದು, ಅದರಿಂದ ತಂಡಕ್ಕೆ ಆಗಿರುವ ಲಾಭ ದೊಡ್ಡದು. ಕಣ್ಣು ವೇಗಕ್ಕೆ ಒಗ್ಗುತ್ತದೆ. ಆದರೆ ಸೈಡ್‌ಆರ್ಮ್ ಹಿಡಿದವರಿಗೆ ನಿಮ್ಮನ್ನು ಔಟ್ ಮಾಡುವ ಹಟ ಇರುವುದಿಲ್ಲ. ಟೆಸ್ಟ್ ಬೌಲರ್ ನಿಮ್ಮ ವಿಡಿಯೋ ನೋಡಿಕೊಂಡು ಬಂದಿರುತ್ತಾನೆ. ಐದು ಚೆಂಡು ಹೊರಗೆ ಹಾಕಿ ಆರನೆಯದನ್ನು ಒಳಗೆ ತರುತ್ತಾನೆ. ಇವತ್ತು ಆಗದಿದ್ದರೆ ನಾಳೆಯೂ ಅದನ್ನೇ ಮಾಡುತ್ತಾನೆ.

ಚೆಂಡೂ ಬೇರೆ. ರಣಜಿಯಲ್ಲಿ ಎಸ್‌ಜಿ ಕಂಪನಿಯ ಚೆಂಡು. ಇಂಗ್ಲೆಂಡಿನ ಡ್ಯೂಕ್ಸ್ ಜಾಸ್ತಿ ಹೊತ್ತು ಸ್ವಿಂಗ್ ಆಗುತ್ತದೆ. ಆಸ್ಟ್ರೇಲಿಯಾದ ಕೂಕಬುರಾ ಮೊದಮೊದಲು ಕಷ್ಟ ಕೊಡುತ್ತದೆ, ಅದರ ಜೊತೆ ಬೌನ್ಸ್ ಬೇರೆ. ಮಯಾಂಕ್ ಅಗರ್ವಾಲ್ ನೋಡಿ. 2017-18ರ ರಣಜಿಯಲ್ಲಿ ಕರ್ನಾಟಕಕ್ಕೆ 1160 ರನ್. ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್, ಮೊದಲ ಇನ್ನಿಂಗ್ಸ್‌ನಲ್ಲೇ 76, ಅದೂ ಅಂಥ ಬೌಲಿಂಗ್ ಎದುರು. ನಂತರ ವಿಶಾಖಪಟ್ಟಣದಲ್ಲಿ 215, ಇಂದೋರ್‌ನಲ್ಲಿ 243. 21 ಟೆಸ್ಟ್‌ನಲ್ಲಿ ಸರಾಸರಿ 41, ಯಾರೂ ಕಡಿಮೆ ಎನ್ನುವಂತಿಲ್ಲ. ಆದರೆ ನಾಲ್ಕೂ ಸೆಂಚುರಿ ಭಾರತದಲ್ಲೇ ಬಂದವು. ನ್ಯೂಜಿಲೆಂಡ್ ಮತ್ತು ಎರಡನೇ ಸಲದ ಆಸ್ಟ್ರೇಲಿಯಾ ಪ್ರವಾಸದಲ್ಲಿ ಬೌಲರ್‌ಗಳು ಅವರನ್ನು ಓದಿಕೊಂಡೇ ಬಂದಿದ್ದರು.

ಪ್ರಶ್ನೆ: ಹಾಗಿದ್ದರೆ ಸೆಲೆಕ್ಟರ್‌ಗಳು ರನ್ ಬಿಟ್ಟು ಆಟ ನೋಡಿಯೇ ಆರಿಸಬೇಕಾ? ಸಾಯಿ ಸುದರ್ಶನ್ ಐಪಿಎಲ್‌ನಲ್ಲಿ 759 ಹೊಡೆದು ಬಂದರು. ಅಭಿಮನ್ಯು ಈಶ್ವರನ್ ಫಸ್ಟ್ ಕ್ಲಾಸ್‌ನಲ್ಲಿ 7,000ಕ್ಕೂ ಹೆಚ್ಚು ರನ್ ಹೊಡೆದರೂ ಇಂಗ್ಲೆಂಡಿನ ಐದೂ ಟೆಸ್ಟ್ ಹೊರಗೇ ಕೂತರು.

ಉತ್ತರ: ಇದು ನನಗೆ ಹೊಟ್ಟೆ ಉರಿಸುವ ವಿಷಯ. ಆಟ ನೋಡಿ ಆರಿಸುವುದರಲ್ಲಿ ಹುರುಳಿಲ್ಲ ಎಂದಲ್ಲ. ಇಂಗ್ಲೆಂಡಿನವರನ್ನೇ ನೋಡಿ. ಗ್ರೇಮ್ ಹಿಕ್ ಫಸ್ಟ್ ಕ್ಲಾಸ್‌ನಲ್ಲಿ 136 ಸೆಂಚುರಿ ಹೊಡೆದರು, ಟೆಸ್ಟ್ ಸರಾಸರಿ 31. ರಾಮ್‌ಪ್ರಕಾಶ್ 114 ಸೆಂಚುರಿ, ಟೆಸ್ಟ್ ಸರಾಸರಿ 27. ಅದೇ ಹೊತ್ತಿಗೆ ಕೌಂಟಿಯಲ್ಲಿ ಸಾಧಾರಣ ಸರಾಸರಿ ಇದ್ದ ಟ್ರೆಸ್ಕೋಥಿಕ್ ಮತ್ತು ವಾನ್‌ರಲ್ಲಿ ಕೋಚ್ ಡಂಕನ್ ಫ್ಲೆಚರ್ ಏನೋ ಕಂಡರು, ಇಬ್ಬರೂ ಟೆಸ್ಟ್‌ನಲ್ಲಿ 40ರ ಮೇಲೆ ಸರಾಸರಿ ಇಟ್ಟರು. ಒಳ್ಳೆ ವೇಗದ ಎದುರು ಇವರಿಗೆ ಸಮಯ ಇದೆಯಾ ಎಂಬುದನ್ನು ಅವರು ನೋಡಿದರು.

ಆದರೆ ನಮ್ಮಲ್ಲಿ ಇದನ್ನೇ ನಿಯಮ ಮಾಡಿದರೆ ಕಷ್ಟ. ಖಾಲಿ ಸ್ಟೇಡಿಯಂನಲ್ಲಿ, ಐಪಿಎಲ್ ಹಣವೂ ಇಲ್ಲ, ಟಿವಿಯೂ ಇಲ್ಲ ಎಂದು ಗೊತ್ತಿದ್ದು ದಿನವಿಡೀ ನಿಂತು ಆಡುವ ಹುಡುಗ ಯಾವ ಆಸೆಯಿಂದ ಆಡಬೇಕು? ರಣಜಿ ರನ್ ಇರಲೇಬೇಕು. ಅದರ ಮೇಲೆ ಆ ರನ್ ಯಾರ ಎದುರು ಬಂತು ಎಂದು ನೋಡಬೇಕು. ಸತ್ತ ಪಿಚ್‌ನಲ್ಲಿ 500ಕ್ಕೆ 3 ಆಗಿದ್ದಾಗ ಹೊಡೆದ 180ಕ್ಕಿಂತ, ಹಸಿರು ಪಿಚ್‌ನಲ್ಲಿ ತಂಡ 140ಕ್ಕೆ ಔಟ್ ಆದಾಗ ಹೊಡೆದ 65 ನನಗೆ ಜಾಸ್ತಿ ಹೇಳುತ್ತದೆ. ಆಮೇಲೆ ಭಾರತ ಎ ತಂಡದ ಪ್ರವಾಸ. ಅದು ಇನ್ನೂ ಜಾಸ್ತಿ ಆಗಬೇಕು, ಮತ್ತು ಅಲ್ಲಿ ಆಡಿದವನಿಗೆ ಮೊದಲ ಹಕ್ಕು ಇರಬೇಕು.

ಆರಿಸಿದ ಮೇಲೆ ಸಮಯ ಕೊಡಬೇಕು. ಸರ್ಫರಾಜ್ ಖಾನ್ 2021-22ರ ರಣಜಿಯಲ್ಲಿ 982 ರನ್ ಹೊಡೆದಿದ್ದರು. ಟೆಸ್ಟ್ ಕ್ಯಾಪ್ ಸಿಕ್ಕಿದ್ದು 2024ರ ಫೆಬ್ರವರಿಯಲ್ಲಿ. ಆ ಅಕ್ಟೋಬರ್‌ನಲ್ಲಿ ನಮ್ಮ ಚಿನ್ನಸ್ವಾಮಿಯಲ್ಲಿ ತಂಡ 46ಕ್ಕೆ ಆಲೌಟ್ ಆದ ಟೆಸ್ಟ್‌ನ ಎರಡನೇ ಇನ್ನಿಂಗ್ಸ್‌ನಲ್ಲಿ 150 ಹೊಡೆದರು. ಮುಂದಿನ ಎರಡು ಟೆಸ್ಟ್‌ನಲ್ಲಿ ರನ್ ಬರಲಿಲ್ಲ ನಿಜ. ಆಸ್ಟ್ರೇಲಿಯಾಕ್ಕೆ ಕರೆದುಕೊಂಡು ಹೋಗಿ ಐದರಲ್ಲಿ ಒಂದೂ ಆಡಿಸಲಿಲ್ಲ, ಆಮೇಲೆ ಇಂಗ್ಲೆಂಡ್ ಸರಣಿಗೂ ಕರೆಯಲಿಲ್ಲ. ಬೌನ್ಸ್ ಆಡಲು ಬರುವುದಿಲ್ಲ ಎಂಬ ಅನುಮಾನ ಇದ್ದರೆ ಆಡಿಸಿ ನೋಡಬೇಕಿತ್ತು ಅಲ್ವಾ?

ಪ್ರಶ್ನೆ: ಸರ್, ನನ್ನ ಮಗನಿಗೆ 16 ವರ್ಷ. ಲೀಗ್ ಮ್ಯಾಚ್ ಜಾಸ್ತಿ ಮ್ಯಾಟಿಂಗ್ ಮೇಲೆ, ಅಂದರೆ ಚಾಪೆ ಹಾಸಿದ ಪಿಚ್ ಮೇಲೆ. ರನ್ ಚೆನ್ನಾಗಿ ಹೊಡೆಯುತ್ತಿದ್ದಾನೆ. ಈಗಿನಿಂದ ಏನು ನೋಡಿಕೊಳ್ಳಬೇಕು?

ಉತ್ತರ: ಅಮ್ಮಾ, ರನ್ ಎಷ್ಟು ಎಂದು ಬರೆದಿಡುವ ಹಾಗೆ ಹೇಗೆ ಔಟ್ ಆದ ಎಂದೂ ಬರೆದಿಡಲು ಹೇಳಿ. ಚೆಂಡು ಎಲ್ಲಿ ಬಿತ್ತು, ಹೊಸದಾ ಹಳೆಯದಾ, ಅವನ ಸ್ಕೋರ್ ಆಗ ಎಷ್ಟಿತ್ತು. ಒಂದು ಸೀಸನ್ ಮುಗಿಯುವಷ್ಟರಲ್ಲಿ ಅವನ ದುರ್ಬಲ ಜಾಗ ಅವನಿಗೇ ಕಾಣುತ್ತದೆ. ಮ್ಯಾಟಿಂಗ್‌ನಲ್ಲಿ ಬೌನ್ಸ್ ಚೆನ್ನಾಗಿ ಕಲಿಯುತ್ತಾನೆ, ಆದರೆ ಅಲ್ಲಿ ಚೆಂಡು ಟರ್ಫ್, ಅಂದರೆ ಹುಲ್ಲು-ಮಣ್ಣಿನ ಪಿಚ್‌ನ ಹಾಗೆ ಬಿದ್ದ ಮೇಲೆ ಪಕ್ಕಕ್ಕೆ ಸರಿಯುವುದಿಲ್ಲ (ಸೀಮ್ ಆಗುವುದಿಲ್ಲ). ವಾರದಲ್ಲಿ ಒಂದೆರಡು ದಿನವಾದರೂ ಟರ್ಫ್ ನೆಟ್ಸ್ ಸಿಗುವ ಕಡೆ ಕಳಿಸಿ, ತನಗಿಂತ ದೊಡ್ಡ ಹುಡುಗರ ಹೊಸ ಚೆಂಡು ಆಡಲಿ. ಆ ಸೆಷನ್‌ನಲ್ಲಿ ಎಷ್ಟು ಚೆಂಡು ಸರಿಯಾಗಿ ಬಿಟ್ಟ ಎಂದು ಕೋಚ್‌ಗೆ ಲೆಕ್ಕ ಇಡಲು ಕೇಳಿಕೊಳ್ಳಿ. ವಿಡಿಯೋ ಇದ್ದರೆ ಇಲ್ಲಿ ಹಾಕಿ, ಅವನ ತಲೆ ಎಲ್ಲಿ ನಿಲ್ಲುತ್ತದೆ ನೋಡಿ ಹೇಳುತ್ತೇನೆ.