ಕಾಕಟೀಲನ್ನ ಅಂಗಡಿ, ಪಾರ್ಕಿಗೆ ಕರ್ಕೊಂಡು ಹೋಗೋದು: ಹೆಗಲ ಮೇಲಾ, ಪೆಟ್ಟಿಗೆಯಲ್ಲಾ?

ಜಯನಗರ_ಜುಟ್ಟು:

ಎಲ್ಲರಿಗೂ ನಮಸ್ಕಾರ. ನಮ್ಮದು ಒಂದೂವರೆ ವರ್ಷದ ಗಂಡು ಕಾಕಟೀಲ್ (ಜುಟ್ಟಿರೋ ಸಣ್ಣ ಗಿಣಿ), ತೂಕ 92 ಗ್ರಾಂ. ಕೈಗೆ, ಹೆಗಲಿಗೆ ಚೆನ್ನಾಗಿ ಒಗ್ಗಿದೆ. ಎರಡು ತಿಂಗಳ ಹಿಂದೆ ರೆಕ್ಕೆ ಕ್ಲಿಪ್ ಆಗಿದೆ, ಅಂದ್ರೆ ಹಾರದ ಹಾಗೆ ಉದ್ದ ಗರಿ ಕತ್ತರಿಸಿದೆ. ಭಾನುವಾರ ಸಂಜೆ ಜಯನಗರ 4ನೇ ಬ್ಲಾಕಿಗೆ ಸಾಮಾನು ತರೋಕೆ ಹೋಗುವಾಗ, ಆಗಾಗ ಕಬ್ಬನ್ ಪಾರ್ಕಿಗೆ, ಜೊತೆಯಲ್ಲೇ ಕರ್ಕೊಂಡು ಹೋಗಬೇಕು ಅಂತಿದೆ. ಹೆಗಲ ಮೇಲೆ ಕೂರಿಸಿಕೊಂಡು ಹೋದ್ರೆ ಸಾಕಾ? ಒಳಗೆ ಬಿಡದ ಅಂಗಡಿ ಸಿಕ್ಕಿದ್ರೆ ಹತ್ತು ನಿಮಿಷ ಕಾರಲ್ಲಿ ಬಿಡಬಹುದಾ? ಕ್ಯಾರಿಯರ್ ತಗೋಬೇಕು ಅಂದ್ರೆ ಎಂಥದ್ದು, ಒಳಗೆ ನೀರು, ಕಾಳು ಹೇಗೆ ಇಡೋದು? ಅಳತೆ ಸಮೇತ ಹೇಳಿದ್ರೆ ಉಪಕಾರ.

ನವಣೆ_ತೆನೆ:

ಮೊದಲು ರೆಕ್ಕೆ ವಿಷಯ, ಯಾಕಂದ್ರೆ ಹಕ್ಕಿ ಕಳೆದುಹೋಗೋದು ಇಲ್ಲೇ. ಕ್ಲಿಪ್ ಮಾಡಿದ ಕಾಕಟೀಲ್ ಹಾರೋಲ್ಲ ಅನ್ನೋದು ಮನೆಯೊಳಗೆ ಮಾತ್ರ ನಿಜ. ನೂರು ಗ್ರಾಂ ಕೂಡ ಇಲ್ಲದ ಮೈ, ಉದ್ದ ರೆಕ್ಕೆ. ಬಯಲಲ್ಲಿ ಒಂದು ಬೀಸುಗಾಳಿ ಸಿಕ್ಕಿದರೆ ಎದುರುಮನೆ ಟೆರೇಸ್ ದಾಟುತ್ತೆ. ತಿರುಗಿ ಬರೋಕೆ ಬೇಕಾದ ಹಿಡಿತ ಮಾತ್ರ ಇರೋಲ್ಲ. ಎರಡು ತಿಂಗಳಾಗಿದೆ ಅಂತೀರಿ, ಈ ನಡುವೆ ಗರಿ ಉದುರಿದ್ದರೆ ಆ ಜಾಗದಲ್ಲಿ ಹೊಸದು ಬಂದಿರುತ್ತೆ. ಎರಡೂ ಕಡೆ ಒಂದೆರಡು ಉದ್ದ ಗರಿ ಬಂದಿದ್ದರೂ ಮೇಲೇಳೋಕೆ ಸಾಕು. ಹಿಂದಿನಿಂದ ಒಂದು ಬೈಕ್ ಹಾರ್ನ್ ಹೊಡೆದರೆ ಮನೆಯಲ್ಲಿ ಕಲಿತ ಕೈಹೊಂದಿಕೆಯೆಲ್ಲ ಮರೆತುಹೋಗುತ್ತೆ. ಹಾಗಾಗಿ ಹೆಗಲು ಬೇಡ. ಪೆಟ್ಟಿಗೆ.

ಕಾಕಟೀಲ್ ಬಾಲ ಸೇರಿಸಿ 30-33 ಸೆಂ.ಮೀ. ಉದ್ದ, ಅದರಲ್ಲಿ ಅರ್ಧ ಬಾಲವೇ. ಅದಕ್ಕೆ ಒಳಗೆ 40 ಸೆಂ.ಮೀ. ಉದ್ದ, 30 ಸೆಂ.ಮೀ. ಎತ್ತರ ಇರೋ, ಬೆಕ್ಕಿಗೆ ಅಂತ ಮಾರೋ ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರ್ ಸಾಕು. ಬಾಗಿಲು ಕಂಬಿಯದ್ದಾದರೆ ಸಂದು ಒಂದೂವರೆ ಸೆಂ.ಮೀ. ಮೀರಬಾರದು, ತಲೆ ತೂರಿಸುತ್ತೆ. ಬೆನ್ನಿಗೆ ಹಾಕೋ ಬ್ಯಾಗಲ್ಲಿ ಉಬ್ಬಿದ ಗಾಜಿನಂಥ ಕಿಟಕಿ ಇರೋದು ಬರುತ್ತಲ್ಲ, ನೋಡೋಕೆ ಚೆಂದ, ಬಿಸಿಲಿಗೆ ಇಟ್ಟರೆ ಒಳಗೆ ಒಲೆ. ಎರಡು ಪಕ್ಕದಲ್ಲೂ ಗಾಳಿಯಾಡೋ ಜಾಲರಿ ಇಲ್ಲದಿದ್ದರೆ ಕೊಳ್ಳಲೇಬೇಡಿ.

ಕೂರೋ ಕೋಲಿಗೆ ಸೀಬೆ ಮರದ ಕೊಂಬೆ ಒಳ್ಳೇದು. ಒಂದೂವರೆಯಿಂದ ಎರಡು ಸೆಂ.ಮೀ. ದಪ್ಪ, ತೊಗಟೆ ಹಾಗೇ ಇರಲಿ, ತೊಳೆದು ಒಣಗಿಸಿ. ನೆಲದಿಂದ 8-10 ಸೆಂ.ಮೀ. ಎತ್ತರದಲ್ಲಿ ಅಡ್ಡಡ್ಡ ಕಟ್ಟಿ, ಆದರೆ ನಟ್ಟನಡುವೆ ಅಲ್ಲ. ಮುಂಭಾಗಕ್ಕೆ ಸರಿಸಿ, ಹಿಂದೆ 20 ಸೆಂ.ಮೀ. ಬಾಲಕ್ಕೆ ಬಿಡಿ. ಇಲ್ಲದಿದ್ದರೆ ಬಾಲ ಗೋಡೆಗೆ ಒತ್ತಿ ಗರಿ ಮುರಿಯುತ್ತೆ. ಎತ್ತರ ಕಮ್ಮಿ ಯಾಕೆ ಅಂದ್ರೆ ಬ್ರೇಕ್ ಹಾಕಿದಾಗ ಬಿದ್ದರೂ ಪೆಟ್ಟಾಗಬಾರದು. ಹೊರಗಿನಿಂದ ದೊಡ್ಡ ವಾಷರ್ ಹಾಕಿ, ಸ್ಟೇನ್‌ಲೆಸ್ ಸ್ಕ್ರೂ ಎರಡೂ ತುದಿಗೆ ಬಿಗಿಯಿರಿ. ಒಂದೇ ತುದಿಗೆ ಬಿಗಿದರೆ ಹಕ್ಕಿ ಕೂತ ಕೂಡಲೇ ಕೋಲು ಗರ್ರನೆ ತಿರುಗುತ್ತೆ. ಒಮ್ಮೆ ಹಾಗೆ ಬಿದ್ದರೆ ಮತ್ತೆ ಆ ಪೆಟ್ಟಿಗೆಗೆ ಕಾಲಿಡೋಲ್ಲ.

ಕೆಳಗೆ ನ್ಯೂಸ್‌ಪೇಪರ್ ನಾಲ್ಕು ಪದರ. ನೂಲು ಕಿತ್ತುಬರೋ ಟವೆಲ್ ಬೇಡ, ಉಗುರು ಸಿಕ್ಕಿಕೊಳ್ಳುತ್ತೆ. ನೀರಿನ ಬಟ್ಟಲು ಇಡಬೇಡಿ, ಮೊದಲ ತಿರುವಿಗೇ ಮೈಯೆಲ್ಲ ಒದ್ದೆ. ಬದಲಿಗೆ ಬೆರಳು ದಪ್ಪದ ಸೌತೆಕಾಯಿ ಹೋಳು ಎರಡು ಸಿಕ್ಕಿಸಿ. ಅರ್ಧ ಗಂಟೆಗೊಮ್ಮೆ ನಿಂತ ಕಡೆ ನೀರು ತೋರಿಸಿ. ಕಾಳಿನ ಬದಲು ನವಣೆ ತೆನೆ ಒಂದು ತುಂಡು ಕೋಲಿನ ಪಕ್ಕ ಕಟ್ಟಿ. ಗಾಬರಿಯಾದ ಹಕ್ಕಿ ತಿನ್ನೋಲ್ಲ, ಆದ್ದರಿಂದ ತೆನೆ ಮುಟ್ಟುತ್ತಿದೆಯಾ ಇಲ್ಲವಾ ಅನ್ನೋದೇ ನಿಮಗೆ ಥರ್ಮಾಮೀಟರ್.

ಬಾಗಿಲು ಮೇಲೆತ್ತೋ ಥರದ್ದಾದರೆ ಕೊಕ್ಕಿನಲ್ಲಿ ಎತ್ತಿ ತೆಗೆಯೋದನ್ನ ಕಾಕಟೀಲ್ ಬಹಳ ಬೇಗ ಕಲಿಯುತ್ತೆ. ಒಂದು ಸ್ಟೀಲ್ ಕೊಂಡಿ ಹಾಕಿ.

ಪೆಟ್ಟಿಗೆ ಬಂದ ದಿನವೇ ಹೊರಡಬೇಡಿ. ನಾಲ್ಕೈದು ದಿನ ಪಂಜರದ ಪಕ್ಕ ಬಾಗಿಲು ತೆಗೆದಿಡಿ, ತೆನೆ ಅದರೊಳಗೆ ಮಾತ್ರ ಸಿಗಲಿ. ತಾನಾಗಿ ಒಳಹೋಗೋಕೆ ಶುರುವಾದ ಮೇಲೆ ಒಂದು ನಿಮಿಷ ಬಾಗಿಲು ಹಾಕಿ ತೆಗೆಯಿರಿ. ಆಮೇಲೆ ಮನೆಯೊಳಗೆ ಎತ್ತಿಕೊಂಡು ಓಡಾಡಿ, ನಿಂತ ಕಾರಿನಲ್ಲಿ ಐದು ನಿಮಿಷ ನಿಮ್ಮ ಜೊತೆ ಕೂರಿಸಿ, ಕೊನೆಗೆ ಒಂದು ಸುತ್ತು. ಜುಟ್ಟು ಹೇಳುತ್ತೆ: ಅರ್ಧ ಎದ್ದಿದ್ದರೆ ನೆಮ್ಮದಿ, ಕಡ್ಡಿಯ ಹಾಗೆ ನೆಟ್ಟಗೆ ನಿಂತಿದ್ದರೆ ಗಾಬರಿ, ತಲೆಗೆ ಒತ್ತಿ ಮಲಗಿಸಿ ಬುಸ್ ಅಂದರೆ ಇವತ್ತಿಗೆ ಸಾಕು ಅಂತ. ಯಾವ ಹಂತದಲ್ಲಿ ಬುಸ್ ಅಂದಿತೋ ಅದರ ಹಿಂದಿನ ಹಂತಕ್ಕೆ ವಾಪಸ್.

ಹಕ್ಕಿಮನೆ_ಹೆಬ್ಬಾಳ:

ಕಾರಿನ ಪ್ರಶ್ನೆಗೆ ಉತ್ತರ: ಇಲ್ಲ, ಎರಡು ನಿಮಿಷಕ್ಕೂ ಇಲ್ಲ. ಹೊರಗೆ 30 ಡಿಗ್ರಿ ಇದ್ದರೆ ನಿಲ್ಲಿಸಿದ ಕಾರೊಳಗೆ ಹತ್ತು ನಿಮಿಷದಲ್ಲಿ 40ರ ಹತ್ತಿರ ಹೋಗುತ್ತೆ. ಗಾಜು ಎರಡು ಬೆರಳು ಇಳಿಸಿದರೂ ಹೆಚ್ಚೇನೂ ವ್ಯತ್ಯಾಸವಿಲ್ಲ. ಹಕ್ಕಿಗೆ ಬೆವರುಗ್ರಂಥಿಯೇ ಇಲ್ಲ, ಬಾಯಿ ತೆಗೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಬಾಯಿ ತೆರೆದು, ರೆಕ್ಕೆ ಮೈಯಿಂದ ದೂರ ಹಿಡಿದು ನಿಂತಿದ್ದರೆ ಅದು ಈಗಾಗಲೇ ಕಷ್ಟದಲ್ಲಿದೆ. ನೆರಳಿಗೆ ಒಯ್ದು ಕಾಲು, ಪಾದ ಸಾಮಾನ್ಯ ನೀರಲ್ಲಿ ಒದ್ದೆ ಮಾಡಿ. ಐಸ್ ನೀರು ಬೇಡ. ಅಲ್ಲಿಂದ ನೇರ ಡಾಕ್ಟರ ಹತ್ತಿರ.

ಓಡೋ ಕಾರಲ್ಲಿ ಪೆಟ್ಟಿಗೆ ಹಿಂದಿನ ಸೀಟಿಗೆ, ಹಿಡಿಯೊಳಗೆ ಸೀಟ್‌ಬೆಲ್ಟ್ ತೂರಿಸಿ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಇದೆ. ಎ.ಸಿ. 25ರ ಆಸುಪಾಸು, ಗಾಳಿ ನೇರ ಬೀಳದ ಹಾಗೆ. ಕನ್ನಡಿಗೆ ನೇತುಹಾಕಿದ ಸುಗಂಧದ ಡಬ್ಬಿ ತೆಗೆದುಬಿಡಿ. ಹಕ್ಕಿಯ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುತ್ತೆ, ನಮಗಿಂತ ಚುರುಕಾಗಿ ಹೀರಿಕೊಳ್ಳುತ್ತೆ, ಹೊಗೆ ವಿಷವೂ ಅಷ್ಟೇ ಚುರುಕು. ಆದ್ದರಿಂದ ಅಂಗಡಿ ಆರಿಸುವಾಗ ಮೂಗಿನಿಂದ ಆರಿಸಿ. ಸೆಂಟ್ ಅಂಗಡಿ, ಊದುಬತ್ತಿ, ಧೂಪ ಉರಿಯೋ ಗ್ರಂಥಿಗೆ ಅಂಗಡಿ, ಹೊಸ ಪೇಂಟ್ ಹೊಡೆದ ಶೋರೂಮ್, ನಾನ್‌ಸ್ಟಿಕ್ ಪಾತ್ರೆ ಕಾಯಿಸಿ ತೋರಿಸೋ ಡೆಮೊ ಇರೋ ಕಡೆ, ಇವ್ಯಾವುವೂ ಬೇಡ. ನಾನ್‌ಸ್ಟಿಕ್ ಲೇಪ ಅತಿಯಾಗಿ ಕಾದರೆ ಬರೋ ಹೊಗೆಗೆ ವಾಸನೆಯೂ ಗೊತ್ತಾಗೋಲ್ಲ, ಹಕ್ಕಿ ನಿಮಿಷಗಳಲ್ಲಿ ಹೋಗುತ್ತೆ. ಫುಡ್ ಕೋರ್ಟ್ ಕೂಡ ಇದೇ ಲೆಕ್ಕಕ್ಕೆ. ಊಟದ ಸಾಮಾನು ಮಾರೋ ಕಡೆ ಪ್ರಾಣಿ ಪಕ್ಷಿ ಒಳಗೆ ಬಿಡದಿರೋದು ನ್ಯಾಯವೇ. ಕಾಕಟೀಲ್ ಮೈಯಿಂದ ಬಿಳಿ ಪುಡಿ ಉದುರುತ್ತಲೇ ಇರುತ್ತೆ, ಅದು ಇನ್ನೊಬ್ಬರ ತರಕಾರಿ ಮೇಲೆ ಬೀಳೋದು ಸರಿಯಲ್ಲ. ದಿನಸಿ ಪಟ್ಟಿ ಇರೋ ದಿನ ಹಕ್ಕಿ ಮನೆಯಲ್ಲಿರಲಿ. ಪುಸ್ತಕ, ಬಟ್ಟೆ, ಗಿಡದ ನರ್ಸರಿ ಅಂಥ ಕಡೆಗೆ ಮೊದಲೇ ಫೋನ್ ಮಾಡಿ ಕೇಳಿ.

ಕೋಳಿ ಅಂಗಡಿ, ಹಕ್ಕಿ ಮಾರೋ ಅಂಗಡಿ ಇರೋ ಸಾಲಿಗೆ ಕಾಲೇ ಇಡಬೇಡಿ. ಕೊಕ್ಕರೆ ರೋಗ (ರಾಣಿಖೇತ್), ಹಕ್ಕಿಜ್ವರ, ಸಿಟಕೋಸಿಸ್ ಅನ್ನೋ ಬ್ಯಾಕ್ಟೀರಿಯಾ ಸೋಂಕು, ಇವು ಹರಡೋಕೆ ದೂಳು, ಹಿಕ್ಕೆ ಸಾಕು. ಸಿಟಕೋಸಿಸ್ ಮನುಷ್ಯರಿಗೂ ಬರುತ್ತೆ. ಮಾಂಸದಂಗಡಿ ಇದ್ದ ಕಡೆ ಮೇಲೆ ಹದ್ದು ಸುತ್ತುತ್ತಿರುತ್ತೆ ಅನ್ನೋದು ಬೇರೆ.

ಇನ್ನು ಯಾರೂ ಬರೆಯದ ಎರಡು ಜಾಗ. ದೊಡ್ಡ ಅಂಗಡಿಗಳ ಬಾಗಿಲ ಮೇಲೆ ಏರ್ ಕರ್ಟನ್ ಇರುತ್ತೆ, ರಭಸದ ಗಾಳಿ ತಲೆ ಮೇಲೆ ಬೀಳುತ್ತೆ. ಬೇಸ್‌ಮೆಂಟ್ ಪಾರ್ಕಿಂಗಲ್ಲಿ ಕತ್ತಲು, ಥಟ್ಟನೆ ಹೆಡ್‌ಲೈಟ್. ಕತ್ತಲಲ್ಲಿ ಬೆಚ್ಚಿ ಪಂಜರಕ್ಕೆ ಬಡಿದುಕೊಳ್ಳೋದು ಕಾಕಟೀಲಿನ ಜಾತಿಗುಣ, ಪೆಟ್ಟಿಗೆಯಲ್ಲೂ ಅದನ್ನೇ ಮಾಡುತ್ತೆ. ಈ ಎರಡೂ ಕಡೆ ತೆಳು ಹತ್ತಿ ಬಟ್ಟೆ ಮೂರು ಬದಿ ಮುಚ್ಚಿ, ನಿಮ್ಮ ಮುಖ ಕಾಣೋ ಬದಿ ತೆರೆದಿಡಿ, ಮಾತಾಡ್ತಾ ಇರಿ. ಮಾಲಿನ ಗೇಟಲ್ಲಿ ಪೆಟ್ಟಿಗೆಯನ್ನ ಸ್ಕ್ಯಾನರ್ ಬೆಲ್ಟ್ ಮೇಲೆ ಇಡಬೇಡಿ, ಕೈಯಲ್ಲೇ ಪರೀಕ್ಷೆ ಮಾಡಿ ಅಂತ ಕೇಳಿ. ಬಾಗಿಲು ತೆಗೆದು ತೋರಿಸಲೇಬೇಕು ಅಂದರೆ ವಾಪಸ್ ಬನ್ನಿ.

ಸಂಜೆ ಅಂತ ಬರೆದಿದ್ದೀರಿ. ಕಾಕಟೀಲಿಗೆ 10-12 ಗಂಟೆ ನಿದ್ದೆ ಬೇಕು. ಬೆಳಿಗ್ಗೆ 8ರಿಂದ 10 ಒಳ್ಳೇದು. ಮೊದಮೊದಲು ಮನೆ ಬಿಟ್ಟು ಮನೆ ಸೇರೋವರೆಗೆ 40 ನಿಮಿಷ ದಾಟಿಸಬೇಡಿ.

ಧಾರವಾಡ_ಕಾನೂರ್:

ಪೆಟ್ಟಿಗಿ ಬಗ್ಗೆ ಇಬ್ಬರೂ ಬರೋಬ್ಬರಿ ಹೇಳ್ಯಾರ. ಆದ್ರ ಪಾರ್ಕಿಗೆ ಹೋಗೂ ಮಾತು ಬಂದದಲ್ಲ, ಅಲ್ಲಿ ಹಾರ್ನೆಸ್ ನಡೀತದ್ರಿ. ಕಾಲಿಗೆ ಸರಪಳಿ ಮಾತ್ರ ಬ್ಯಾಡೇ ಬ್ಯಾಡ. ಹಕ್ಕಿ ಜಿಗಿದಾಗ ಎಲ್ಲಾ ಜಗ್ಗೂದು ಒಂದ ಕಾಲಿಗೆ ಬೀಳ್ತದ, ಎಲುಬು ಮುರೀತದ.

ಹಾರ್ನೆಸ್ ಅಂದ್ರ ಕುತ್ತಿಗಿಗೆ ಒಂದು ಕುಣಿಕಿ, ರೆಕ್ಕಿ ಹಿಂದ ಎದಿ ಸುತ್ತ ಒಂದು. ಪಟ್ಟಿ ಗರಿ ಮ್ಯಾಲ ಇರಬಾರದು, ಗರಿ ಕೆಳಗ ಹೋಗಬೇಕು. ಪಟ್ಟಿ ಮತ್ತ ಮೈ ನಡುವ ಒಂದು ಪೆನ್ಸಿಲ್ ತೂರಬೇಕು, ಅದಕ್ಕಿಂತ ಸಡ್ಲಾದ್ರ ರೆಕ್ಕಿ ಹೊರಗ ತೂರಿಸಿ ಸಿಕ್ಕಿಹಾಕ್ಕೋತದ, ಬಿಗಿಯಾದ್ರ ಉಸಿರ ಕಟ್ಟತದ. ನಮಗಿದ್ದಂಗ ಹಕ್ಕಿಗೆ ವಪೆ (ಎದಿ, ಹೊಟ್ಟಿ ನಡುವಿನ ಉಸಿರಾಟದ ಪರದೆ) ಇಲ್ಲ, ಎದಿಎಲುಬು ಮ್ಯಾಲೆ ಕೆಳಗ ಆಡಿದ್ರನ ಉಸಿರು. ಪಾರ್ಕಿನ್ಯಾಗ ಹುಡುಗರ ಕೈಗೆ ಕೊಡಬ್ಯಾಡ್ರಿ ಅನ್ನೂದು ಇದಕ್ಕ, ಮುಷ್ಟಿಯೊಳಗ ಹಿಡಿದ್ರ ಅಲ್ಲೇ ಮುಗೀತು.

ದಾರಕ್ಕ ತುದೀಗೆ ಎಲಾಸ್ಟಿಕ್ ಇರಲಿ, ಒಂದೂವರಿ ಮೀಟರ್ ಮೀರಬಾರದು. ಅಗ್ಗದ ಕೊಂಡಿಯೊಳಗ ಸತು ಇರ್ತದ, ಕಡಿದು ನುಂಗಿದ್ರ ವಿಷ. ಸ್ಟೇನ್‌ಲೆಸ್ ಹಾಕ್ರಿ. ಹಿಡಿದು ಬಲವಂತಲೆ ಹಾಕಿದ್ರ ಹಕ್ಕಿ ಹಾರ್ನೆಸ್ಸಿಗಲ್ಲ, ನಿಮ್ಮ ಕೈಗೆ ಹೆದರ್ತದ. ಕುಣಿಕಿ ಆಚೆ ತೆನಿ ಹಿಡೀರಿ, ತಾನ ತಲಿ ತೂರಿಸಲಿ. ಮೂರರಿಂದ ಆರು ವಾರ ಹಿಡೀತದ. ಕೆಲವು ಹಕ್ಕಿ ಜನ್ಮದಾಗ ಒಪ್ಪಂಗಿಲ್ಲ, ಬಿಟ್ಟುಬಿಡ್ರಿ. ಮತ್ತ ಹಾರ್ನೆಸ್ ಹದ್ದಿಗೆ, ನಾಯಿಗೆ ತಡಿ ಅಲ್ಲ. ಮರದ ಕೆಳಗ, ಕೈಗೆಟಕೂವಷ್ಟು ಹತ್ತಿರ.

ಇದನ್ನ ಓದೋ ಬ್ಯಾರೆಯವರಿಗೆ ಒಂದು ಮಾತು. ನಮ್ಮ ಹಸಿರು ಗಿಣಿ ಸಾಕೂದ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ತಿರುಗಾಡಸೂದು ದೂರ ಉಳೀತು. ಕಾನೂರ್, ಆಫ್ರಿಕನ್ ಗ್ರೇ ಅನ್ನೂ ವಿದೇಶಿ ಗಿಣಿ ಇದ್ದವರು 2024ರ ನಿಯಮದಂಗ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನ್ಯಾಗ ನೋಂದಣಿ ಮಾಡಿಸಿ ಅದರ ಪ್ರತಿ ಜೊತಿಗೆ ಇಟ್ಕೋರಿ. ಕಾಕಟೀಲ್, ಬಜ್ಜಿ (ಬಜರಿಗಾರ್ ಗಿಣಿ) ಸೈಟ್ಸ್ ಅಂದ್ರ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯೊಳಗಿಲ್ಲ, ಅವಕ್ಕ ಬೇಕಾಗಿಲ್ಲ.

ಜಯನಗರ_ಜುಟ್ಟು:

ತುಂಬಾ ಥ್ಯಾಂಕ್ಸ್, ಹೆಗಲ ಯೋಚನೆ ಕೈಬಿಟ್ಟೆ. ಇನ್ನೆರಡು: ಮೈಸೂರಿಗೆ ಬಸ್ಸಲ್ಲಿ ಒಯ್ಯಬಹುದಾ? ಇಷ್ಟೆಲ್ಲ ಮಾಡಿಯೂ ಹಾರಿಹೋದರೆ ಏನು ಮಾಡೋದು?

ನವಣೆ_ತೆನೆ:

ಕೆ.ಎಸ್.ಆರ್.ಟಿ.ಸಿ. ಸಾಮಾನ್ಯ ಬಸ್ಸಲ್ಲಿ ಒಯ್ಯಬಹುದು, ಹಕ್ಕಿಗೂ ಅರ್ಧ ಟಿಕೆಟ್. 2024ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಬಸ್ಸಲ್ಲಿ ನಾಲ್ಕು ಲವ್‌ಬರ್ಡ್ಸ್‌ಗೆ ತಲಾ 111ರಂತೆ 444 ರೂಪಾಯಿ ಟಿಕೆಟ್ ಹರಿದದ್ದು ಪೇಪರಲ್ಲೆಲ್ಲ ಬಂದಿತ್ತು. ಅವನ್ನ ಒಯ್ಯುತ್ತಿದ್ದ ಅಜ್ಜಿ ಮೊಮ್ಮಗಳಿಗೆ ಶಕ್ತಿ ಯೋಜನೆಯಲ್ಲಿ ಉಚಿತ, ಹಕ್ಕಿಗಳಿಗೆ ಮಾತ್ರ ಕಾಸು. ರಾಜಹಂಸ, ಎ.ಸಿ. ಬಸ್ಸುಗಳಿಗೆ ಹತ್ತಿಸೋಲ್ಲ. ನಮ್ಮ ಮೆಟ್ರೊದಲ್ಲೂ ಬಿಡೋಲ್ಲ. ಬಸ್ಸಲ್ಲಿ ಪೆಟ್ಟಿಗೆ ತೊಡೆ ಮೇಲೆ, ಎಂಜಿನ್‌ನಿಂದ ದೂರದ ಸೀಟು. ತಲೆ ಒದರಿ ಕಾಳು ಚಿಮ್ಮಿಸಿದರೆ ಅದು ವಾಂತಿ. ಹೊರಡೋ ಒಂದು ಗಂಟೆ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ, ಪಕ್ಕದ ಕಿಟಕಿ ಕಾಣದ ಹಾಗೆ ಮುಚ್ಚಿ. ದಾರಿಯಲ್ಲಿ ಪ್ರೀತಿಗೆ ಅಂತ ಚುರುಮುರಿ, ಚಿಪ್ಸ್ ಚೂರು ಕೊಡೋದು ಬೇಡ, ಅದರ ಮೈಗೆ ಆ ಉಪ್ಪು ಬಹಳ. ಬೆಣ್ಣೆಹಣ್ಣು, ಚಾಕಲೇಟ್ ಎರಡೂ ವಿಷ.

ಚೀಲದಲ್ಲಿ ಕಾರ್ನ್‌ಫ್ಲೋರ್ ಒಂದು ಸಣ್ಣ ಪೊಟ್ಟಣ ಇರಲಿ. ಹೊಸದಾಗಿ ಬೆಳೆಯುತ್ತಿರೋ ಗರಿಯಲ್ಲಿ ರಕ್ತ ಇರುತ್ತೆ, ಪೆಟ್ಟಿಗೆಗೆ ಬಡಿದು ಮುರಿದರೆ ನಿಲ್ಲದೆ ಸೋರುತ್ತೆ. ಹಿಟ್ಟು ಒತ್ತಿ, ಹತ್ತಿಯಿಂದ ಎರಡು ನಿಮಿಷ ಹಿಡಿಯಿರಿ. ಅದಕ್ಕೂ ನಿಲ್ಲದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೋ, ಹತ್ತಿರದಲ್ಲಿ ಹಕ್ಕಿ ನೋಡೋ ಡಾಕ್ಟರೋ. ಆ ನಂಬರ್ ಹೊರಡೋ ಮುಂಚೆಯೇ ಫೋನಲ್ಲಿರಲಿ.

ಹಾರಿಹೋದರೆ ಹಿಂದೆ ಓಡಬೇಡಿ, ಓಡಿದಷ್ಟೂ ಮುಂದೆ ಹೋಗುತ್ತೆ. ಕಣ್ಣು ಕೀಳದೆ ಯಾವ ಮರ, ಯಾವ ಕಟ್ಟಡ ಅಂತ ನೋಡಿ. ಒಬ್ಬರು ಅಲ್ಲೇ ನಿಂತು ಅದರ ದಿನನಿತ್ಯದ ಸಿಳ್ಳೆ ಹಾಕುತ್ತಿರಲಿ, ಇನ್ನೊಬ್ಬರು ಹೋಗಿ ಅದರ ಪಂಜರ ತಂದು ಅದಕ್ಕೆ ಕಾಣೋ ಹಾಗೆ ಎತ್ತರದಲ್ಲಿ ಇಡಲಿ. ಅದಕ್ಕೇ ಈಗಲೇ ಅದರ ಕೂಗು, ನಿಮ್ಮ ಸಿಳ್ಳೆ ಎರಡೂ ಫೋನಲ್ಲಿ ರೆಕಾರ್ಡ್ ಮಾಡಿಡಿ, ಕಾಲಿನ ರಿಂಗ್ ನಂಬರ್ ಮತ್ತು ಎರಡೂ ಕೆನ್ನೆಯ ಫೋಟೊ ಇಟ್ಟುಕೊಳ್ಳಿ. ಬಹಳ ಹಕ್ಕಿಗಳಿಗೆ ಮೇಲೇರೋದು ಗೊತ್ತು, ಇಳಿಯೋದು ಗೊತ್ತಿರೋಲ್ಲ. ಆದ್ದರಿಂದ ನೇರ ಕೆಳಗೆ ನಿಂತು ಕರೆಯೋದಕ್ಕಿಂತ ಎದುರು ಕಟ್ಟಡದ ಟೆರೇಸ್ ಹತ್ತಿ, ಅದರ ಸಮಕ್ಕೆ ನಿಂತು ಕರೆಯಿರಿ. ಕತ್ತಲಾದ ಮೇಲೆ ಅದು ಕದಲೋಲ್ಲ. ಕೂತ ಜಾಗ ಗುರುತಿಟ್ಟು, ಬೆಳಗಾಗೋ ಮುಂಚೆ ಐದೂವರೆಗೆಲ್ಲ ಪಂಜರ, ತೆನೆ ಹಿಡಿದು ಅದೇ ಮರದ ಹತ್ತಿರ ಇರಿ. ಹಸಿದಿರುತ್ತೆ, ಮೊದಲ ಕೂಗು ಆಗಲೇ ಬರೋದು.