ಸಹಾಯ ಬೇಕು: ಅತ್ತಿ ಹೆಸರಿನ್ಯಾಗ ಗುರುತಿಲ್ಲದ ಸಿಮ್ ಅವ

ನಮಸ್ಕಾರ್ರೀ ಎಲ್ಲಾರಿಗೂ. ಆಳಂದ ತಾಲ್ಲೂಕಿನ ಹಳ್ಳ್ಯಾಗ ಇರೋ ನಮ್ಮ ಅತ್ತಿ ಬಲ್ಲಿ ಇರೋದು ಒಂದೇ ಕೀಪ್ಯಾಡ್ ಫೋನ್. ಬ್ಯಾಂಕಿನ ಮೆಸೇಜೂ ಅದಕ್ಕೇ ಬರ್ತದ. ಮೊನ್ನೆ ನಮ್ಮ ಹೆಸರಿನ್ಯಾಗ ಎಷ್ಟು ಸಿಮ್ ಅವ ಅಂತ ತೋರಸೋ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನ್ಯಾಗ ನೋಡಿದ್ರ ಅವರ ಹೆಸರಿಗಿ ಇನ್ನೂ ಎರಡು ನಂಬರ್ ಚಾಲೂ ಅವ! ಜಾತ್ರ್ಯಾಗ ಛತ್ರಿ ಹಾಕ್ಕೊಂಡು ಸಿಮ್ ಮಾರೋ ಹುಡುಗ 'ಸರಿ ಬೀಳಲಿಲ್ಲ, ಇನ್ನೊಮ್ಮಿ ಹೆಬ್ಬಟ್ಟು ಒತ್ತವ್ವಾ' ಅಂತ ಮತ್ತ ಮತ್ತ ಒತ್ತಿಸ್ಕೊಂಡಿದ್ನಂತ. ನನಗ ಅನುಮಾನ ಅಲ್ಲೇ, ಒಂದೊಂದು ಹೆಬ್ಬಟ್ಟಿಗೂ ಒಂದೊಂದು ಸಿಮ್ ತಗದಾನೋ ಏನೋ ಅಂತ. ಅತ್ತಿಗಿ ಹ್ಯಾಂಗ ಗೊತ್ತಾಗಬೇಕು? ಹೊಲದಾಗ ದುಡಿದ ಕೈ, ಬೆರಳಿನ ಗೆರಿ ಸವದಾವ, ರೇಷನ್ ಅಂಗಡ್ಯಾಗೂ ಹಂಗೇ ಆಗ್ತದ.

'ನನ್ನ ನಂಬರ್ ಅಲ್ಲ' ಅಂತ ಆ ವೆಬ್‌ಸೈಟಿನ್ಯಾಗೇ ದೂರು ಕೊಟ್ಟೀನಿ. ಹಿಂಗ ಮಾಡಿದವರು ಯಾರಾದ್ರೂ ಇದ್ದೀರೇನ್ರಿ? ನಂಬರ್ ಬಂದ್ ಆಗ್ಲಾಕ ಎಷ್ಟು ದಿನ ಹಿಡೀತು? ಕಲಬುರಗಿ ಸೈಬರ್ ಠಾಣೆಗಿ ಈಗಲೇ ಬರೆದು ಕೊಡಬೇಕೋ? ರೊಕ್ಕ ಹೋಗಿಲ್ಲ, ಹೋಗಿದ್ರ ಆಗಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚತಿದ್ದೆ. ಆದ್ರ ಆ ನಂಬರಿನಿಂದ ಯಾರಿಗೋ ಮೋಸ ಆದ್ರ ಪೊಲೀಸರು ಮೊದಲು ಕೇಳಿಕೋತ ಬರೋದು ಅತ್ತಿ ಮನಿಗೇ.

ಇನ್ನೊಂದು ಮಾತು. ಊರಾಗ ಭಾಳ ಮಂದಿಗಿ 'ಕೆವೈಸಿ ಮುಗದದ, *21* ಒತ್ತಿ ಈ ನಂಬರ್ ಹಾಕ್ರಿ' ಅಂತ ಕಾಲ್ ಬರ್ಲತಾವ. ಹಾಕಿದ್ರ ನಮಗ ಬರೋ ಕಾಲ್ ಎಲ್ಲಾ ಅವರಿಗಿ ತಿರುಗ್ತಾವ, ಓಟಿಪಿ ಹೇಳೋ ಕಾಲ್ ಸಹಿತ. ಓದಾಕ ಬರದವರಿಗಿ ಇದನ್ನ ಕನ್ನಡದಾಗ, ದಖನಿ ಉರ್ದುವಿನ್ಯಾಗ, ತಾಂಡಾದವರಿಗಿ ಲಂಬಾಣಿಯಾಗ ಸಣ್ಣ ವಾಯ್ಸ್ ಮೆಸೇಜ್ ಮಾಡಿ ಕೊಡೋರು ಬೇಕಾಗ್ಯಾರ.

ಅತ್ತಿ ಆಧಾರ್ ಫೋಟೊ ಮಾತ್ರ ಯಾರೂ ಕೇಳಬ್ಯಾಡ್ರಿ, ಗ್ರೂಪಿನ್ಯಾಗ ಹಾಕಂಗಿಲ್ಲ.